ರೌಟರ್‌ನೊಳಗಿನ ಒಂದು ಸೊನ್ನೆ

ಹೊಸ ಫೋನನ್ನು ವೈಫೈಗೆ ಸೇರಿಸಿದ ಕೂಡಲೇ ಅದು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಕೂಗುವುದು. "ನನಗೊಂದು ಐಪಿ ವಿಳಾಸ ಕೊಡೋರು ಯಾರಾದ್ರೂ ಇದ್ದೀರಾ?" ಅಂತ. ಯಾರನ್ನು ಕೇಳಬೇಕು ಅಂತ ಅದಕ್ಕೆ ಗೊತ್ತಿಲ್ಲ, ಹಾಗಾಗಿ ಎಲ್ಲರನ್ನೂ ಕೇಳುತ್ತದೆ. ಇದೇ ಬ್ರಾಡ್‌ಕಾಸ್ಟ್. ನಮ್ಮೂರ ಭಾಷೆಯಲ್ಲಿ ಹೇಳೋದಾದ್ರೆ ಡಂಗುರ.

ಊರಿನ ಡಂಗುರ ಊರಿಗಷ್ಟೇ. ಪಕ್ಕದೂರಲ್ಲೂ ಸಾರಬೇಕಾದರೆ? 1984ರ ಅಕ್ಟೋಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಜೆಫ್ರಿ ಮೊಗಲ್ ಬರೆದ ಆರ್‌ಎಫ್‌ಸಿ 919 ಅದಕ್ಕೂ ದಾರಿ ಮಾಡಿತು. 255.255.255.255ಕ್ಕೆ ಕಳಿಸಿದ ಪ್ಯಾಕೆಟ್ ಇದ್ದಲ್ಲೇ ಉಳಿಯುತ್ತದೆ. ಆದರೆ ಬೇರೊಂದು ನೆಟ್‌ವರ್ಕ್‌ನ ಬ್ರಾಡ್‌ಕಾಸ್ಟ್ ವಿಳಾಸಕ್ಕೆ, ಉದಾಹರಣೆಗೆ 192.168.20.255ಕ್ಕೆ, ಕಳಿಸಿದ್ದು ಮಾಮೂಲಿ ಪ್ಯಾಕೆಟ್‌ನಂತೆ ಪ್ರಯಾಣ ಮಾಡಿ, ಕೊನೆಯ ರೌಟರ್‌ನಲ್ಲಿ ಡಂಗುರವಾಗುತ್ತದೆ. ಇದು ಡೈರೆಕ್ಟೆಡ್ ಬ್ರಾಡ್‌ಕಾಸ್ಟ್. 1995ರ ಆರ್‌ಎಫ್‌ಸಿ 1812 ಪ್ರಕಾರ ರೌಟರ್‌ಗಳಲ್ಲಿ ಈ ಸೌಲಭ್ಯ ಡಿಫಾಲ್ಟ್ ಆಗಿ ಆನ್ ಇರಲೇಬೇಕಿತ್ತು. ಎಲ್ಲರೂ ಒಳ್ಳೆಯವರು ಅಂತ ನಂಬಿದ್ದ ಕಾಲ ಅದು.

ಆ ನಂಬಿಕೆ ಬೇಗ ಮುರಿಯಿತು. 1998ರ ಜನವರಿಯಲ್ಲಿ ಅಮೆರಿಕದ ಸರ್ಟ್ ಸಂಸ್ಥೆ 'ಸ್ಮರ್ಫ್' ದಾಳಿಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ಉಪಾಯ ಬಹಳ ಸರಳ. ಯಾರನ್ನು ಮುಳುಗಿಸಬೇಕೋ ಅವರ ವಿಳಾಸವನ್ನೇ ಕಳಿಸಿದವರ ಜಾಗದಲ್ಲಿ ಬರೆದು, ದೊಡ್ಡದೊಂದು ನೆಟ್‌ವರ್ಕ್‌ನ ಬ್ರಾಡ್‌ಕಾಸ್ಟ್ ವಿಳಾಸಕ್ಕೆ ಪಿಂಗ್ ಮಾಡುವುದು. ಅಲ್ಲಿ 100 ಯಂತ್ರಗಳು ಓಗೊಟ್ಟರೆ, ಒಂದು ಪ್ಯಾಕೆಟ್‌ಗೆ 100 ಉತ್ತರ, ಎಲ್ಲವೂ ಆ ಅಮಾಯಕರ ತಲೆ ಮೇಲೆ. 1999ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 2644 ಬಂತು: ಡಿಫಾಲ್ಟ್ ಇನ್ನು ಆಫ್.

ಲಿನಕ್ಸ್ ಕರ್ನಲ್ ಅಂತೂ ಇಂಥ ಪ್ಯಾಕೆಟ್‌ಗಳನ್ನು ಮುಂದಕ್ಕೆ ಬಿಡುತ್ತಲೇ ಇರಲಿಲ್ಲ. 2018ರ 4.19ನೇ ಆವೃತ್ತಿಯಲ್ಲಿ 'ಬಿಸಿ ಫಾರ್ವರ್ಡಿಂಗ್' ಎಂಬ ಸೆಟ್ಟಿಂಗ್ ಬಂತು. ಡಿಫಾಲ್ಟ್ ಬೆಲೆ 0.

ನಮ್ಮ ಟೀಮಿಗೆ ಈ ಸೊನ್ನೆ ಎದುರಾಗಿದ್ದು ವೇಕ್-ಆನ್-ಲ್ಯಾನ್ ವಿಷಯದಲ್ಲಿ. ಮಲಗಿರುವ ಯಂತ್ರವನ್ನು ದೂರದಿಂದ ಎಬ್ಬಿಸುವ 'ಮ್ಯಾಜಿಕ್ ಪ್ಯಾಕೆಟ್'ನಲ್ಲಿ ಇರೋದು 102 ಬೈಟ್: ಎಲ್ಲಾ ಬಿಟ್‌ಗಳೂ 1 ಆಗಿರುವ 6 ಬೈಟ್, ಆಮೇಲೆ ಯಂತ್ರದ ಮ್ಯಾಕ್ ವಿಳಾಸ 16 ಸಲ. ಮಲಗಿದ ಯಂತ್ರ ಎಆರ್‌ಪಿಗೆ ಸಾಮಾನ್ಯವಾಗಿ ಓಗೊಡುವುದಿಲ್ಲ, ಅದಕ್ಕೇ ಬ್ರಾಡ್‌ಕಾಸ್ಟ್ ಬೇಕು. ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಯಂತ್ರ ಏಳುತ್ತಿತ್ತು, ಲಿನಕ್ಸ್ ರೌಟರ್‌ನ ಆಚೆಯಿಂದ ಕರೆದರೆ ಇಲ್ಲ. ಟಿಸಿಪಿಡಂಪ್ ಹಾಕಿ ನೋಡಿದರೆ ಪ್ಯಾಕೆಟ್ ಒಂದು ಕಡೆಯಿಂದ ಒಳಬರುತ್ತಿದೆ, ಇನ್ನೊಂದು ಕಡೆಯಿಂದ ಹೊರಬೀಳುತ್ತಿಲ್ಲ. ಐಪಿ ಫಾರ್ವರ್ಡಿಂಗ್ ಆನ್ ಇದೆ, ಫೈರ್‌ವಾಲ್‌ನಲ್ಲೂ ಏನೂ ಡ್ರಾಪ್ ಆಗುತ್ತಿಲ್ಲ. ನುಂಗುತ್ತಿದ್ದದ್ದು ಆ ಸೊನ್ನೆ!

ಅದನ್ನು 1 ಮಾಡುವಾಗ ಒಂದು ಗಮನಿಸಿ. 'ಆಲ್' ಮತ್ತು ಪ್ಯಾಕೆಟ್ ಒಳಬರುವ ಇಂಟರ್‌ಫೇಸ್, ಎರಡರಲ್ಲೂ ಬದಲಾಯಿಸಬೇಕು. ಹೊರಹೋಗುವ ಇಂಟರ್‌ಫೇಸ್ ಬದಲಾಯಿಸಿದರೆ ಏನೂ ಆಗಲ್ಲ.

ಕೆಲಸ ಆಯ್ತು ಅಂತ ಎದ್ದು ಹೋಗೋ ಮುಂಚೆ ಇನ್ನೊಂದು ಸಾಲು ಬೇಕೇ ಬೇಕು. ನಾವು ಫೈರ್‌ವಾಲ್‌ನಲ್ಲಿ ಒಂದೇ ಒಂದು ಅಡ್ಮಿನ್ ಯಂತ್ರದಿಂದ ಬರುವ, ಯುಡಿಪಿ 9ನೇ ಪೋರ್ಟ್‌ನ ಬ್ರಾಡ್‌ಕಾಸ್ಟ್‌ಗೆ ಮಾತ್ರ ದಾರಿ ಬಿಟ್ಟೆವು. ಆ ಸೊನ್ನೆಯನ್ನು ಯಾರೋ ಸೋಮಾರಿತನದಿಂದ ಬಿಟ್ಟು ಹೋಗಿದ್ದಲ್ಲ. ಪೆಟ್ಟು ತಿಂದವರು ಹಾಕಿದ ಬೀಗ ಅದು, ತೆಗೆಯೋರು ಎಷ್ಟು ತೆಗೀಬೇಕು ಅಂತ ಯೋಚಿಸಿಯೇ ತೆಗೀಬೇಕು.