ಬಲರಾಮನ ಮಗಳ ಹೆಸರೇನು? ‘ಮಾಯಾಬಜಾರ್’ ಕತೆ ನಮ್ಮ ಮನೆಗೆ ಬಂದ ದಾರಿ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಓದ್ತೀವಿ ಅನ್ನೋರಿಗಾಗಿ ಈ ಸಲದ ಮಾತಿನ ಬರಹ ರೂಪ ಇಲ್ಲಿದೆ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಬಲರಾಮನ ಮಗಳ ಹೆಸರೇನು? ಟೀಮಿನಲ್ಲಿರುವ ತೆಲುಗಿನವರನ್ನು ಕೇಳಿದರೆ ಶಶಿರೇಖೆ ಅಂತಾರೆ. ಉಡುಪಿ, ಕಾಸರಗೋಡು ಕಡೆ ಯಕ್ಷಗಾನ ನೋಡಿ ಬೆಳೆದವರು ಕನಕಾಂಗಿ ಅಂತಾರೆ. ಮರಾಠಿಯ ಹಳೇ ಕತೆಗಳಲ್ಲಿ ಅವಳು ವತ್ಸಲಾ, ಇಲ್ಲವೇ ಸುರೇಖಾ. ಇನ್ನು ವ್ಯಾಸರನ್ನೇ ಕೇಳಿದರೆ? ಅವರ ಭಾರತದಲ್ಲಿ ಈ ಮದುವೆ ಕತೆಯೇ ಇಲ್ಲ. ಅಲ್ಲಿ ಅಭಿಮನ್ಯುವಿನ ಹೆಂಡತಿ ವಿರಾಟರಾಜನ ಮಗಳು ಉತ್ತರೆ.

ಅಂದರೆ, ಮಕ್ಕಳು ಮುದುಕರು ಒಟ್ಟಿಗೆ ಕೂತು ನೋಡೋ ಸಿನಿಮಾ ಅಂದ ಕೂಡಲೇ ದಕ್ಷಿಣದವರ ಬಾಯಿಗೆ ಬರೋ ‘ಮಾಯಾಬಜಾರ್’ ಇದೆಯಲ್ಲ, ಅದರ ಕತೆ ಮೂಲ ಭಾರತದ್ದಲ್ಲ, ಜನ ಕಟ್ಟಿದ್ದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೇನ್ ಬ್ರಾಂಚಿನಲ್ಲಿಲ್ಲದ ಒಂದು ಫೀಚರು. ಊರೂರಿನವರು ತಮ್ಮ ತಮ್ಮ ಫೋರ್ಕಿನಲ್ಲಿ ಬೆಳೆಸಿಕೊಂಡು ಬಂದಿದ್ದಾರೆ. ಹುಡುಗಿಯ ಹೆಸರು ಬದಲಾಗುತ್ತೆ, ಲಾಜಿಕ್ ಮಾತ್ರ ಬಹುಪಾಲು ಅದೇ.

ಎಷ್ಟು ಹಳೇದು ಇದು? ಜಾವಾ ದ್ವೀಪದಲ್ಲಿ 12ನೇ ಶತಮಾನದಲ್ಲಿ ಎಂಪು ಪನುಲುಹ್ ಎಂಬ ಕವಿ ‘ಘಟೋತ್ಕಚಾಶ್ರಯ’ ಅನ್ನೋ ಕಾವ್ಯ ಬರೆದ. ಅಲ್ಲಿ ಹುಡುಗಿ ಕ್ಷಿತಿಸುಂದರಿ, ಬಲರಾಮನ ಮಗಳಲ್ಲ, ಕೃಷ್ಣನ ಮಗಳು. ಆದರೆ ಅಭಿಮನ್ಯುವಿನ ಪ್ರೇಮಕ್ಕೆ ನೆರವಾಗೋದು ಮಾತ್ರ ಘಟೋತ್ಕಚನೇ! ಸಮುದ್ರದಾಚೆ ಅಷ್ಟು ಹಿಂದೆಯೇ ಈ ಎಳೆ ಇತ್ತು ಅಂದಮೇಲೆ ಇದನ್ನು ಯಾವುದೋ ಒಂದು ಭಾಷೆಯ ಸ್ವಂತ ಆಸ್ತಿ ಅನ್ನೋಕಾಗಲ್ಲ.

ಸಿನಿಮಾಕ್ಕೆ ಇದು ಮೊದಲು ಬಂದದ್ದು ತೆಲುಗಿನಲ್ಲೂ ಅಲ್ಲ, ನಾವೀಗ ಇರೋ ಈ ಮಹಾರಾಷ್ಟ್ರದಲ್ಲೇ. 1921ರಲ್ಲಿ ಕೊಲ್ಹಾಪುರದ ಬಾಬುರಾವ್ ಪೇಂಟರ್ ‘ಸುರೇಖಾ ಹರಣ್’ ಎಂಬ ಮೂಕಿಚಿತ್ರ ಮಾಡಿದರು. ಅದರಲ್ಲಿ ಕೃಷ್ಣನ ಪಾತ್ರ ಮಾಡಿದ ಹುಡುಗ ಮುಂದೆ ದೊಡ್ಡ ನಿರ್ದೇಶಕನಾದ ವಿ. ಶಾಂತಾರಾಂ. ‘ಹರಣ’ ಅನ್ನೋ ಮಾತಿಗೂ ಈ ನೆಲಕ್ಕೂ ನಂಟಿದೆ, ಗಮನಿಸಿ. ವಿದರ್ಭ ಅಂದರೆ ರುಕ್ಮಿಣಿಯ ತವರು. ಕೃಷ್ಣ ಅವಳನ್ನು ರಥದಲ್ಲಿ ಕೂರಿಸಿಕೊಂಡು ಹೋದ ಊರು ಅಂತ ಜನ ತೋರಿಸೋ ಕೌಂಡಿಣ್ಯಪುರ ಪಕ್ಕದ ಅಮರಾವತಿ ಜಿಲ್ಲೆಯಲ್ಲಿ, ವರ್ಧಾ ನದಿಯ ದಡದಲ್ಲಿದೆ. ಆಮೇಲೆ ಅರ್ಜುನ ಸುಭದ್ರೆಯನ್ನು ಹೀಗೇ ಕರೆದೊಯ್ದ. ಅವರ ಮಗನೇ ಅಭಿಮನ್ಯು. ಆ ಮನೆತನದಲ್ಲಿ ಇದು ಹೊಸ ಸಂಪ್ರದಾಯವೇನಲ್ಲ, ಬಿಡಿ.

ತೆಲುಗಿನಲ್ಲಿ 1936ರಲ್ಲೇ ಒಂದು ‘ಮಾಯಾಬಜಾರ್’ ಬಂದಿತ್ತು. ನಮಗೆಲ್ಲ ಗೊತ್ತಿರೋದು 1957ರ ಮಾರ್ಚ್‌ನಲ್ಲಿ ಬಂದದ್ದು. ನಿರ್ದೇಶನ ಕೆ.ವಿ. ರೆಡ್ಡಿ, ಕ್ಯಾಮೆರಾ ಮಾರ್ಕಸ್ ಬಾರ್ಟ್ಲಿ, ಬರವಣಿಗೆ ಪಿಂಗಳಿ ನಾಗೇಂದ್ರ ರಾವ್. ನಿರ್ಮಾಪಕರು ವಿಜಯಾ ಸಂಸ್ಥೆಯ ನಾಗಿರೆಡ್ಡಿ ಮತ್ತು ಚಕ್ರಪಾಣಿ. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಹೌದು, ‘ಚಂದಮಾಮ’ದವರೇ! 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ಕ್ಕೆ ಕನ್ನಡಕ್ಕೂ ಬಂದ ಪತ್ರಿಕೆ. ಮನೆಯಲ್ಲಿ ಮಕ್ಕಳ ಕೈಗೆ ಸಿಗೋ ಮೊದಲೇ ದೊಡ್ಡವರು ಓದಿ ಮುಗಿಸ್ತಿದ್ದ ಪತ್ರಿಕೆ ಅದು. ಮಕ್ಕಳ ಕತೆಯನ್ನು ದೊಡ್ಡವರ ಮುಂದೆ ಹೇಗೆ ಇಡಬೇಕು ಅನ್ನೋದು ಇವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಚಿತ್ರದೊಳಗೆ ಬರೋಣ. ಮಕ್ಕಳಿಗೆ ಕಾಣೋ ಕತೆ ಒಂದು. ಎಸ್.ವಿ. ರಂಗರಾವ್ ಅವರ ಘಟೋತ್ಕಚ ಮದುವೆಯೂಟಕ್ಕೆ ಕೂತರೆ ಲಡ್ಡುಗಳು ತಾವೇ ಎದ್ದು ಅವನ ಬಾಯಿಗೆ ಹೋಗ್ತವೆ. ಅವನು ಶಶಿರೇಖೆಯ ವೇಷ ಹಾಕ್ತಾನೆ. ಆಗ ಸಾವಿತ್ರಿ ಹುಡುಗಿಯ ಮೈಯಲ್ಲೇ ರಾಕ್ಷಸನ ಗತ್ತು ತೋರಿಸ್ತಾರೆ. ಪ್ರಿಯದರ್ಶಿನಿ ಅಂತ ಒಂದು ಪೆಟ್ಟಿಗೆ. ಅದನ್ನು ತೆರೆದರೆ ನಿಮಗೆ ಪ್ರೀತಿಯಾದದ್ದು ಕಾಣುತ್ತೆ. ಶಶಿರೇಖೆ ತೆರೆದರೆ ಅಭಿಮನ್ಯು. ಈಗಿನ ಮಗು ‘ಅದು ಲ್ಯಾಪ್‌ಟಾಪು, ವಿಡಿಯೊ ಕಾಲ್’ ಅಂದರೆ ತಪ್ಪೇನೂ ಇಲ್ಲ.

ದೊಡ್ಡವರಿಗೆ ಕಾಣೋ ಕತೆ ಬೇರೆ. ಮಕ್ಕಳು ಚಿಕ್ಕವರಿದ್ದಾಗ ಬಲರಾಮ ತಂಗಿಗೆ ಮಾತು ಕೊಟ್ಟಿರ್ತಾನೆ, ‘ನನ್ನ ಮಗಳು ನಿನ್ನ ಮಗನಿಗೆ’ ಅಂತ. ಪಾಂಡವರು ಜೂಜಿನಲ್ಲಿ ಎಲ್ಲ ಕಳಕೊಂಡ ಮೇಲೆ ಆ ಮಾತು ಮರೆತುಹೋಗುತ್ತೆ. ಬಲರಾಮನ ಹೆಂಡತಿ ರೇವತಿಗೆ ದುರ್ಯೋಧನನ ಮಗ ಲಕ್ಷ್ಮಣಕುಮಾರನೇ ಚೆಂದ ಅನ್ನಿಸೋಕೆ ಶುರುವಾಗುತ್ತೆ. ಆಸ್ತಿ ಹೋದ ಮೇಲೆ ಸಂಬಂಧಿಕರು ಹೇಗೆ ಮಾತಾಡ್ತಾರೆ ಅನ್ನೋದನ್ನು ನೋಡಿದ ಯಾರಿಗೂ ಇದು ಪುರಾಣ ಅನ್ನಿಸೋದಿಲ್ಲ. ಸುಭದ್ರೆ ಅಣ್ಣನ ಮುಂದೆ ನಿಂತು ಕೇಳೋ ಜಾಗದಲ್ಲಿ ಮಗು ಇನ್ನೂ ರಾಕ್ಷಸ ಯಾವಾಗ ಬರ್ತಾನೆ ಅಂತ ಕಾಯ್ತಿರುತ್ತೆ, ಪಕ್ಕದಲ್ಲಿ ಅಮ್ಮ ಕಣ್ಣು ಒರೆಸಿಕೊಳ್ತಿರ್ತಾರೆ. ಒಂದೇ ಪರದೆಯಲ್ಲಿ ಎರಡು ಸಿನಿಮಾ. ಕುಟುಂಬದ ಸಿನಿಮಾ ಅಂದರೆ ಎಲ್ಲರಿಗೂ ಅರ್ಥವಾಗಲಿ ಅಂತ ತೆಳು ಮಾಡಿದ್ದಲ್ಲ, ಒಬ್ಬೊಬ್ಬರಿಗೂ ಅವರವರ ಪಾಲು ಎತ್ತಿಟ್ಟಿದ್ದು.

ಇನ್ನೊಂದು ವಿಚಿತ್ರ ನೋಡಿ. ಇಡೀ ಚಿತ್ರದಲ್ಲಿ ಪಾಂಡವರು ಒಬ್ಬರೂ ಬರೋದಿಲ್ಲ. ಎಲ್ಲರ ಬಾಯಲ್ಲೂ ಅವರ ಹೆಸರು, ಆದರೆ ತೆರೆಯ ಮೇಲೆ ಇಲ್ಲ. ಮನೆ ಯಜಮಾನರು ದೂರ ಇದ್ದಾಗ ಹಿಂದೆ ಉಳಿದ ಹೆಂಗಸರು, ಮಕ್ಕಳ ಕತೆ ಅದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತು ಸ್ವಲ್ಪ ಚುಚ್ಚಬಹುದು.

ಕನ್ನಡಕ್ಕೆ ಏನಾಯಿತು? ಈ ಚಿತ್ರ ಕನ್ನಡಕ್ಕೂ ಡಬ್ ಆಯಿತು. 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ದೊಡ್ಡ ಚಳವಳಿ ನಡೆಯಿತು. ಅ.ನ.ಕೃ., ಮ. ರಾಮಮೂರ್ತಿ ಅವರಂಥವರು ಅದರ ಮುಂಚೂಣಿಯಲ್ಲಿದ್ದರು. ಆಮೇಲೆ ಹತ್ತಿರ ಹತ್ತಿರ ಐದು ದಶಕ ಚಿತ್ರಮಂದಿರದಲ್ಲಿ ಡಬ್ಬಿಂಗ್ ನಿಂತೇಹೋಯಿತು. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆ ಕಾನೂನಿಗೆ ವಿರುದ್ಧ ಅಂದ ಮೇಲೆ ಬಾಗಿಲು ಮತ್ತೆ ತೆರೆಯಿತು. ಚಳವಳಿಯವರ ಭಯ ಸುಳ್ಳಾಗಿರಲಿಲ್ಲ. ಆಗ ಕನ್ನಡ ಚಿತ್ರರಂಗ ಚಿಕ್ಕದು, ಮದ್ರಾಸಿನ ಸ್ಟುಡಿಯೊಗಳ ನೆರಳಲ್ಲಿತ್ತು. ಅದಕ್ಕೊಂದು ಸ್ವಂತ ಕಾಲು ಬಂದದ್ದರಿಂದಲೇ ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (1965), ‘ಬಭ್ರುವಾಹನ’ (1977) ಥರದ, ಮನೆಮಂದಿಯೆಲ್ಲ ಕೂತು ನೋಡೋ ಚಿತ್ರಗಳಿಗೆ ಜಾಗ ಸಿಕ್ಕಿತು ಅಂತ ನನ್ನ ಅಭಿಪ್ರಾಯ.

ಬೆಲೆ ಕೊಟ್ಟವರು ಯಾರು ಅಂದರೆ ಮಕ್ಕಳು. ದೊಡ್ಡವರು ಬೇರೆ ಭಾಷೆಯ ಸಿನಿಮಾವನ್ನು ಹೇಗೋ ನೋಡ್ತಾರೆ. ಆರು ವರ್ಷದ ಮಗುವಿಗೆ ಮಾಯೆ, ಮಾತಾಡೋ ಪ್ರಾಣಿ, ಹಾರೋ ಕುದುರೆ ಎಲ್ಲ ಯಾವ ಭಾಷೆಯಲ್ಲಿ ಬರುತ್ತೋ, ಕಲ್ಪನೆಯ ಭಾಷೆ ಅದೇ ಆಗಿಬಿಡುತ್ತೆ. ಹೊರರಾಜ್ಯದಲ್ಲಿ ಇದು ಇನ್ನೂ ಜೋರು. ನಾಗಪುರದಂಥ ಊರಲ್ಲಿ ಶಾಲೆಯಲ್ಲಿ ಇಂಗ್ಲಿಷು, ಆಟಕ್ಕೆ ಹಿಂದಿ, ಪಕ್ಕದ ಮನೆಯಲ್ಲಿ ಮರಾಠಿ. ಕನ್ನಡ ಉಳಿಯೋದು ‘ಊಟ ಮಾಡು, ಹೋಂವರ್ಕ್ ಮಾಡು’ ಅನ್ನೋಕೆ ಮಾತ್ರ. ಬರೀ ಅಪ್ಪಣೆಯ ಭಾಷೆಯನ್ನು ಯಾವ ಮಗು ತಾನೇ ಇಷ್ಟಪಡುತ್ತೆ?

ಹಾಗಾಗಿ ನನ್ನ ಸಲಹೆ ಇಷ್ಟು. ಒಂದು ಭಾನುವಾರ ‘ಮಾಯಾಬಜಾರ್’ ಹಾಕಿ. ತೆಲುಗಿನದೇ ಸಿಕ್ಕರೂ ಪರವಾಗಿಲ್ಲ. 2010ರಲ್ಲಿ ಬಣ್ಣ ತುಂಬಿದ್ದೂ ಇದೆ. ಸಬ್‌ಟೈಟಲ್ ಬೇಡ, ಮಾತು ನೀವು ಹೇಳಿ, ಕನ್ನಡದಲ್ಲಿ. ಅಜ್ಜಿ ಊರಿಂದ ಬಂದಿದ್ದರೆ ಆ ಕೆಲಸ ಅವರಿಗೆ ಬಿಡಿ. ಹುಡುಗಿಯನ್ನು ಶಶಿರೇಖೆ ಅನ್ನಿ, ಕನಕಾಂಗಿ ಅನ್ನಿ, ನಿಮ್ಮಿಷ್ಟ. ಸಾವಿರ ವರ್ಷದಿಂದ ಎಲ್ಲರೂ ಮಾಡಿರೋದು ಅದನ್ನೇ ತಾನೆ?

ಒಂದು ಎಚ್ಚರಿಕೆ ಮಾತ್ರ. ಚಿತ್ರ ಮುಗಿದ ಮೇಲೆ ಮಗು ‘ಆಮೇಲೆ ಏನಾಯ್ತು?’ ಅಂತ ಕೇಳಬಹುದು. ಕುರುಕ್ಷೇತ್ರದ 13ನೇ ದಿನ ಲಕ್ಷ್ಮಣಕುಮಾರ ಅಭಿಮನ್ಯುವಿನ ಕೈಯಲ್ಲಿ ಸಾಯ್ತಾನೆ. ಅದೇ ದಿನ ಚಕ್ರವ್ಯೂಹದಲ್ಲಿ ಅಭಿಮನ್ಯುವೂ. 14ನೇ ದಿನದ ರಾತ್ರಿ ಘಟೋತ್ಕಚ. ಮದುಮಗ, ಮದುಮಗನಾಗಬೇಕಿದ್ದವನು, ಲಡ್ಡು ತಿಂದವನು, ಮೂವರೂ. 1957ರಲ್ಲಿ ಟೆಂಟಿನಲ್ಲಿ ಕೂತು ನಗ್ತಿದ್ದ ಅಜ್ಜ ಅಜ್ಜಿಯರಿಗೆಲ್ಲ ಇದು ಗೊತ್ತಿತ್ತು. ಗೊತ್ತಿದ್ದೇ ನಗ್ತಿದ್ದರು. ಇದನ್ನು ಮಗುವಿಗೆ ಯಾವ ವಯಸ್ಸಿನಲ್ಲಿ ಹೇಳಬೇಕು ಅನ್ನೋದು ನಿಮಗೇ ಬಿಟ್ಟದ್ದು. ಹೇಳೋ ದಿನ ಕನ್ನಡದಲ್ಲೇ ಹೇಳಿ.