ಕೊಲ್ಲಾಪುರಿ ಎಂಬ ಹೆಸರೂ ಅಥಣಿ ಸೀಮೆಯ ತೊಗಲ ಹೆಣಿಗೆಯೂ

ವಸ್ತುವು ಹುಟ್ಟಿದ ಊರಿನ ಹೆಸರು ಮರೆಯಾಗಿ ಅದು ಬಿಕರಿಯಾದ ಪೇಟೆಯ ಹೆಸರು ನಿಲ್ಲುವುದು ಲೋಕದಲ್ಲಿ ಹೊಸದಲ್ಲ. ಮೋಕಾ ಬಂದರದಲ್ಲಿ ಕಾಫಿಯ ಗಿಡಗಳು ಬೆಳೆಯಲಿಲ್ಲ. ಬೆಟ್ಟದ ಸೀಮೆಯಲ್ಲಿ ಬೆಳೆದ ಬೀಜವು ಆ ಬಂದರದಿಂದ ಹಡಗೇರಿದ್ದರಿಂದ ಮೋಕಾ ಎನಿಸಿತು. ಕೊಲ್ಲಾಪುರಿ ಚಪ್ಪಲಿಯ ಸಂಗತಿಯೂ ಬಹುಮಟ್ಟಿಗೆ ಇಂಥದೇ. ಕೊಲ್ಲಾಪುರದಲ್ಲಿ ಈ ಜೋಡುಗಳನ್ನು ಮಾಡುವವರು ಇಲ್ಲವೆಂದಲ್ಲ. ಆದರೆ ಅಥಣಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಸೀಮೆಗಳ ಸಮಗಾರರ ಮನೆಗಳಲ್ಲಿಯೂ ಅವು ತಲೆಮಾರುಗಳಿಂದ ಸಿದ್ಧವಾಗುತ್ತ ಬಂದಿವೆ. ಮೊದಲು ಅಥಣಿ ತಾಲೂಕಿನ ಒಳಗಿದ್ದ ಕಾಗವಾಡವೂ ಈ ಸೀಮೆಗೆ ಸೇರಿದುದೇ. ನಿಪ್ಪಾಣಿಯಿಂದ ಕೊಲ್ಲಾಪುರವು ೪೦ ಕಿಲೋಮೀಟರಿನಷ್ಟು ದೂರವಾದುದರಿಂದ ಮಾಲು ಆ ಪೇಟೆಗೆ ಹೋಗುವುದು ಸ್ವಾಭಾವಿಕವಾಗಿದ್ದಿತು.

ಈ ಕಸಬಿನ ಪ್ರಾಚೀನತೆಗೆ ಸಾಮಾನ್ಯವಾಗಿ ಸಮಗಾರ ಹರಳಯ್ಯನ ಕಥೆಯನ್ನು ಆಧಾರವಾಗಿ ಹೇಳುತ್ತಾರೆ. ಅವನೂ ಅವನ ಪತ್ನಿಯೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆಗಳನ್ನು ಮಾಡಿ ಅರ್ಪಿಸಿದರೆಂಬುದು ಪರಂಪರೆಯ ಮಾತು. ಭಕ್ತಿಯ ಈ ಕಥೆಯಿಂದ ಇಂದಿನ ಚಪ್ಪಲಿಯ ಆಕಾರವು ೧೨ನೆಯ ಶತಮಾನದ್ದೆಂದು ಸಾಧಿಸಲಾಗದು. ಆದರೆ ಶರಣರ ಹೆಸರುಗಳಲ್ಲಿಯೇ ಇನ್ನೊಂದು ಬಗೆಯ ಸಾಕ್ಷ್ಯವು ಅಡಗಿದೆ. ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ ಎಂಬಲ್ಲಿ ತೊಗಲಿನ ಕಾಯಕದ ಮೂರು ಬೇರೆಬೇರೆ ಕುಲನಾಮಗಳು ಕಾಣುತ್ತವೆ. ಹದಮಾಡುವವನು ಡೋಹರನು, ಹೊಲಿಯುವವನು ಸಮಗಾರನು ಎಂಬ ವಿಭಾಗವು ಈ ಸೀಮೆಯಲ್ಲಿ ತೀರ ಇತ್ತೀಚಿನವರೆಗೂ ನಡೆದುಬಂದಿತು. ಕಥೆಗಿಂತ ಈ ಹೆಸರುಗಳೇ ಇತಿಹಾಸಕ್ಕೆ ಹೆಚ್ಚು ಉಪಯುಕ್ತವೆಂದು ಹೇಳಬೇಕು.

ಹದಮಾಡುವ ಕ್ರಮವು ನಿಧಾನವಾದುದು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು, ಕೂದಲನ್ನೂ ಒಳಗಿನ ಮಾಂಸವನ್ನೂ ಹೆರೆದು ತೆಗೆಯುವರು. ಬಳಿಕ ಅದನ್ನು ಚೀಲದಂತೆ ಹೊಲಿದು ತೂಗಹಾಕಿ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಕಷಾಯವನ್ನು ಒಳಗೆ ತುಂಬುವರು. ಕಷಾಯವು ತೊಗಲಿನ ಮೂಲಕ ಜಿನುಗಿ ಹೊರಬಂದಂತೆ ಮತ್ತೆ ಮತ್ತೆ ತುಂಬಬೇಕು. ತೊಗಟೆಯ ಒಗರು ಚರ್ಮದ ಎಳೆಗಳಿಗೆ ಕಚ್ಚಿಕೊಂಡು ಅದು ಕೊಳೆಯದಂತೆ ಮಾಡುತ್ತದೆ. ಕ್ರೋಮಿಯಂ ಲವಣಗಳಿಂದ ಹದಮಾಡುವ ಪದ್ಧತಿಯು ಶೀಘ್ರವಾದುದಾದರೂ ಕೊಲ್ಲಾಪುರಿಗೆ ಒಗರಿನ ತೊಗಲೇ ಬೇಕು. ಮೊದಲು ಗಡುಸಾಗಿದ್ದು, ತೊಟ್ಟಷ್ಟೂ ಕಾಲಿನ ಆಕಾರಕ್ಕೆ ಒಗ್ಗುವುದು ಅದರ ಗುಣವು.

ತಳಕ್ಕೆ ಎಮ್ಮೆಯ ದಪ್ಪ ತೊಗಲು, ಮೇಲಿನ ಭಾಗಗಳಿಗೆ ತೆಳುವಾದುದು. ತಳದ ಎರಡು ಬದಿಗಳಿಂದ ಮೇಲೇಳುವ ಭಾಗಕ್ಕೆ ಮರಾಠಿಯಲ್ಲಿ ಕಾನ್, ಎಂದರೆ ಕಿವಿ, ಎಂಬ ಹೆಸರುಂಟು. ಎರಡು ಕಿವಿಗಳನ್ನು ಕೂಡಿಸಿ ಪಾದದ ಮೇಲೆ ಹಾಯುವುದು ಪಟ್ಟಾ. ಅದರ ಮೇಲೆ ಕೂಡುವ ಜಡೆಯಂಥ ಅಲಂಕಾರವೇ ವೇಣಿ. ತಳವನ್ನು ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವರು. ಉಪಕರಣಗಳು ಕೆಲವೇ: ಕತ್ತರಿಸಿ ಹೆರೆಯುವ ರಂಪಿಗೆ, ರಂಧ್ರಕ್ಕೆ ಆರಿ, ಬಡಿಯಲು ಕೊಡತಿ, ಕೆಳಗೊಂದು ಚಪ್ಪಟೆ ಕಲ್ಲು, ಚಿತ್ತಾರ ಒತ್ತುವ ಅಚ್ಚುಗಳು.

ವೇಣಿಯನ್ನು ಹೆಣೆಯುವುದಕ್ಕಂತೂ ಎಳೆಯನ್ನು ಸೀಳುವ ಅಲಗೊಂದನ್ನು ಬಿಟ್ಟರೆ ಬೇರೆ ಉಪಕರಣವೇ ಇಲ್ಲ. ಇದರ ಕಷ್ಟವು ತಿಳಿಯಬೇಕಾದರೆ ಯುರೋಪಿನ ಕಂಡಿಕೆಯ ಲೇಸಿನೊಡನೆ ಹೋಲಿಸಿ ನೋಡಬೇಕು. ಆ ಲೇಸಿನಲ್ಲಿ ನೂಲಿನ ತುದಿಗಳಿಗೆ ಕಂಡಿಕೆಗಳನ್ನು ಕಟ್ಟಿ, ದಿಂಬಿನ ಮೇಲೆ ಜೋಡಿಜೋಡಿಯಾಗಿ ದಾಟಿಸಿ ತಿರುಚುತ್ತ ಹೋಗುವರು. ಕಂಡಿಕೆಯ ಭಾರವು ನೂಲನ್ನು ಬಿಗಿಯಾಗಿಡುತ್ತದೆ. ದಾಟಿದ ಸ್ಥಳವನ್ನು ಗುಂಡುಸೂಜಿಯು ಹಿಡಿದಿರುತ್ತದೆ. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಈ ವಿದ್ಯೆಯು ಮಿಶನರಿಗಳ ಮೂಲಕ ತಿರುವಾಂಕೂರಿನ ನಾಗರಕೋವಿಲಿಗೆ ಬಂದು ಅಲ್ಲಿಯ ಹೆಂಗಸರ ಕೈಕಸಬಾಯಿತು. ತೊಗಲ ಹೆಣಿಗೆಯಲ್ಲಿ ದಾಟಿಸುವ ನಿಯಮವು ಅದೇ, ಸಹಾಯಕ್ಕೆ ಮಾತ್ರ ಭಾರವೂ ಇಲ್ಲ, ಸೂಜಿಯೂ ಇಲ್ಲ, ಬಿಗಿಯೆಲ್ಲವೂ ಬೆರಳಿನದು. ನೂಲು ದುಂಡಾಗಿರುವುದರಿಂದ ಅದಕ್ಕೆ ಮುಖವಿಲ್ಲ. ತೊಗಲಿನ ಎಳೆಯಾದರೋ ಚಪ್ಪಟೆಯಾದುದು. ಒಂದು ಬದಿ ನುಣುಪು, ಇನ್ನೊಂದು ಒರಟು. ಅಂಚಿಗೆ ಬಂದ ಎಳೆಯನ್ನು ಮಗುಚದೆ, ನುಣುಪು ಮೇಲಿರುವಂತೆಯೇ ಬಾಗಿಸಿ ಒಳಕ್ಕೆ ತರಬೇಕು. ಒಣಗಿದ್ದರೆ ಎಳೆಯು ಸಿಡಿಯುತ್ತದೆ. ಅತಿಯಾಗಿ ನೆಂದಿದ್ದರೆ ಹೆಣೆಯುವಾಗ ಹಿಗ್ಗಿ, ಆರಿದ ಮೇಲೆ ಹೆಣಿಗೆಯೇ ಸಡಿಲಾಗುತ್ತದೆ. ಈ ತೇವದ ಹದವನ್ನು ಹೇಳಿ ಕಲಿಸಲಾಗದು, ಬೆರಳೇ ಅರಿಯಬೇಕು. ವೇಣಿಯ ಈ ಕೆಲಸವು ಬಹುಮಟ್ಟಿಗೆ ಹೆಂಗಸರದು. ತಳ ಕತ್ತರಿಸಿ ಹೊಲಿಯುವ ಕೆಲಸ ಗಂಡಸರದು, ಪೇಟೆಗೆ ಒಯ್ದು ಹಣ ತರುವುದೂ ಅವರದೇ. ಹೀಗಾಗಿ ಜೋಡಿನ ಬೆಲೆಯಲ್ಲಿ ವೇಣಿಯ ಕೂಲಿಯು ಪ್ರತ್ಯೇಕವಾಗಿ ಎಣಿಕೆಗೆ ಬರುತ್ತಿರಲಿಲ್ಲ. ೧೯೯೦ರ ದಶಕದ ಅಂತ್ಯದಲ್ಲಿ ಅಥಣಿಯಲ್ಲಿ ಟೋಹೋಲ್ಡ್ ಎಂಬ ಹೆಸರಿನಿಂದ ಕಸಬುದಾರರ ಕೂಟವು ಏರ್ಪಟ್ಟು, ಹೆಂಗಸರ ಸ್ವಸಹಾಯ ಸಂಘಗಳು ಅದರಲ್ಲಿ ಸೇರಿದುದು ಈ ದೃಷ್ಟಿಯಿಂದ ಗಮನಾರ್ಹವು.

ಇನ್ನು ಹೆಸರಿನ ವಿಚಾರ. ಶಾಹೂ ಛತ್ರಪತಿಗಳು (ಆಳಿಕೆ ೧೮೯೪–೧೯೨೨) ತಮ್ಮ ಸಂಸ್ಥಾನದಲ್ಲಿ ಚರ್ಮದ ಕಸಬಿಗೆ ಪ್ರೋತ್ಸಾಹ ಕೊಟ್ಟರು. ಆಗ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿದ್ದಿತು. ಅಥಣಿ, ಚಿಕ್ಕೋಡಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದುವು. ಆದುದರಿಂದ ರಾಯಬಾಗದ ಜೋಡಿಗೆ ಕೊಲ್ಲಾಪುರಿ ಎಂಬ ಹೆಸರು ರಾಜಕೀಯವಾಗಿಯೂ ಸತ್ಯ, ಅಥಣಿಯ ಜೋಡಿಗೆ ಪೇಟೆಯ ಮಾತಿನಲ್ಲಿ ಮಾತ್ರ ಸತ್ಯ. ೧೯೪೯ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ ೧ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಗಡಿಯು ನಡುವೆ ಹಾದರೂ ಕಸಬು ಇಬ್ಭಾಗವಾಗಲಿಲ್ಲ. ಕಾಪಶಿ ಎಂಬ ಜೋಡಿನ ತರಹೆಗೆ ಹೆಸರಾದ ಕಾಪಶಿಯು ನಿಪ್ಪಾಣಿಗೆ ಹೊಂದಿದ ಕಾಗಲ ತಾಲೂಕಿನ ಊರು. ಆ ಹೆಸರು ಗಡಿಯ ಎರಡೂ ಕಡೆ ಬಳಕೆಯಲ್ಲಿದೆ.

೨೦೧೯ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಾಪುರಗಳೂ, ಹೀಗೆ ಎಂಟು ಜಿಲ್ಲೆಗಳು ಅದರಲ್ಲಿ ಸೇರಿದುವು. ಇದನ್ನು ಮಹಾರಾಷ್ಟ್ರದಲ್ಲಿ ಕೆಲವರು ಒಪ್ಪಲಿಲ್ಲ. ಆದರೆ ಮೇಲೆ ಹೇಳಿದ ಸಂಗತಿಗಳನ್ನು ನೋಡಿದರೆ ಗುರುತು ಕೊಟ್ಟವರ ನಿರ್ಣಯವೇ ಇತಿಹಾಸಕ್ಕೆ ಸಮೀಪವಾದುದೆಂದು ತೋರುತ್ತದೆ. ಅಷ್ಟರಲ್ಲಿ ಕಚ್ಚಾ ಮಾಲಿನ ಸ್ಥಿತಿಯು ಕೆಟ್ಟಿತ್ತು. ಊರೂರಿನ ಹದದ ಕುಣಿಗಳು ಕಡಿಮೆಯಾಗಿ, ಹದಮಾಡಿದ ತೊಗಲು ಚೆನ್ನೈಯಂಥ ದೂರದ ಕಡೆಯಿಂದ ಬರತೊಡಗಿತು. ಮಹಾರಾಷ್ಟ್ರದಲ್ಲಿ ೨೦೧೫ರಲ್ಲಿಯೂ ಕರ್ನಾಟಕದಲ್ಲಿ ೨೦೨೧ರಲ್ಲಿಯೂ ಜಾರಿಗೆ ಬಂದ ಗೋಹತ್ಯಾ ನಿಷೇಧದ ಬಿಗಿಯಾದ ಕಾನೂನುಗಳಿಂದ ಹಸುವಿನ ತೊಗಲು ಮತ್ತಷ್ಟು ದುರ್ಲಭವಾಯಿತು.

೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನಿನ ಪ್ರದರ್ಶನದಲ್ಲಿ ಇದೇ ಬಗೆಯ ಪಾದರಕ್ಷೆಗಳನ್ನು ಮೂಲವನ್ನು ಹೇಳದೆ ತೋರಿಸಿ, ಆಕ್ಷೇಪಗಳು ಬಂದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಂ ಎಂಬ ಎರಡೂ ಚರ್ಮ ನಿಗಮಗಳೊಡನೆ ಅದು ಒಪ್ಪಂದ ಮಾಡಿಕೊಂಡಿತು. ಭೌಗೋಳಿಕ ಗುರುತಿನ ಕಾನೂನಿನಲ್ಲಿ, ಆ ಹೆಸರನ್ನು ಬಳಸುವ ತಯಾರಕನು ಅಧಿಕೃತ ಬಳಕೆದಾರನೆಂದು ತನ್ನ ಹೆಸರನ್ನು ನೋಂದಾಯಿಸಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಕುಳಿತು ವೇಣಿಯನ್ನು ಮಾತ್ರ ಹೆಣೆದುಕೊಡುವ ಹೆಂಗಸು ಪೂರ್ತಿ ಜೋಡನ್ನು ಮಾರುವವಳಲ್ಲವಾದುದರಿಂದ, ಆ ಪಟ್ಟಿಯಲ್ಲಿ ಆಕೆಯ ಹೆಸರು ಬರುವ ಸಂಭವವು ಕಡಿಮೆ.