ನಮ್ಮ ಹೊಟ್ಟೆಯ ಹಳೇ ಲೆಕ್ಕ: ಸೋಮನಾಥಪುರದಿಂದ ಮಿಷನ್ ಆಸ್ಪತ್ರೆವರೆಗೆ

  ಇವತ್ತಿನ ವಿಷಯ ಹೊಟ್ಟೆ. ಹಸಿಯೋ ಹೊಟ್ಟೆ ಅಲ್ಲ, ಕರಗದೇ ಇರೋ ಹೊಟ್ಟೆ.

ಈ ಶೋ ಶುರು ಮಾಡಿದಾಗಿನಿಂದ ನನಗೆ ಹುಡುಗೀರಿಂದ ಬರೋ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತೆ. "ಅಕ್ಕಾ, ಕೈಕಾಲು ಸಣ್ಣ ಇದೆ, ಮುಖ ಸಣ್ಣ ಇದೆ, ಹೊಟ್ಟೆ ಮಾತ್ರ ಹೋಗ್ತಾನೇ ಇಲ್ಲ. ಏನ್ ಮಾಡ್ಲಿ?" ಅರ್ಧ ಜನಕ್ಕೆ ಮೂರು ತಿಂಗಳಲ್ಲಿ ಮದುವೆ. ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವಳು. ಆದರೆ ಬಿ.ಕಾಂನವರಿಗೆ ಒಂದು ಅಭ್ಯಾಸ ಇರುತ್ತೆ: ಯಾವ ಲೆಕ್ಕ ಕೊಟ್ಟರೂ ಮೊದಲು ಓಪನಿಂಗ್ ಬ್ಯಾಲೆನ್ಸ್ ಎಷ್ಟಿತ್ತು ಅಂತ ನೋಡ್ತೀವಿ. ಈ ಹೊಟ್ಟೆಯ ಓಪನಿಂಗ್ ಬ್ಯಾಲೆನ್ಸ್ ಎಲ್ಲಿಂದ ಬಂತು? ಇವತ್ತು ಆ ಲೆಕ್ಕ ತೆಗೆಯೋಣ. ಅದಕ್ಕೆ ನಮ್ಮ ತಿ. ನರಸೀಪುರ, ನಂಜನಗೂಡು ಬಿಟ್ಟು ತುಂಬಾ ದೂರ ಹೋಗಬೇಕಾಗಿಲ್ಲ.

ಮೊದಲ ಸ್ಟಾಪ್ ಸೋಮನಾಥಪುರ, ನಮ್ಮ ತಿ. ನರಸೀಪುರ ತಾಲ್ಲೂಕಿನ ಊರೇ. 13ನೇ ಶತಮಾನದ ಹೊಯ್ಸಳ ದೇವಸ್ಥಾನ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ರೀಲ್ಸ್ ಮಾಡೋಕೆ ಹೋದವರು ಇನ್ನೊಂದು ಸಲ ಹೋದಾಗ ಗೋಡೆ ಮೇಲಿನ ಹೆಂಗಸರನ್ನ ಸರಿಯಾಗಿ ನೋಡಿ. ಸೊಂಟ ಸಣ್ಣ ಇದೆ, ಆದರೆ ಹೊಕ್ಕುಳದ ಕೆಳಗೆ ಮೆತ್ತಗಿನ ಉಬ್ಬು. ಇವತ್ತಿನ ಜಿಮ್ ಪೋಸ್ಟರ್‌ನ ಹಾಗೆ ಬೋರ್ಡು ಥರ ಚಪ್ಪಟೆ ಅಲ್ಲ. ನಮ್ಮ ಹಳೇ ಕಾವ್ಯಗಳಲ್ಲಿ ಹೊಟ್ಟೆ ಮೇಲಿನ ಮೂರು ಮಡಿಕೆಗೆ ಒಂದು ಹೆಸರೇ ಇದೆ, ತ್ರಿವಳಿ. ಅದು ಬೈಗುಳ ಅಲ್ಲ, ಹೊಗಳಿಕೆ. ಹೆಣ್ಣನ್ನ ವರ್ಣಿಸೋ ಕವಿಗಳು ತ್ರಿವಳಿಯನ್ನ ಅಂದದ ಗುರುತು ಅಂತಲೇ ಬರೆದರು. ಇವತ್ತು ಅದೇ ಮೂರು ಮಡಿಕೆಗೆ ಮದುವೆ ಮನೇಲಿ ದೊಡ್ಡಮ್ಮಂದಿರು "ಯಾಕವ್ವ, ಟೈರ್ ಬಂದಿದೆ" ಅಂತಾರೆ.

ಹಾಗಂತ ಹಿಂದಿನ ಕಾಲ ಚೆನ್ನಾಗಿತ್ತು ಅಂತ ಹೇಳೋಕೆ ನಾನು ಬಂದಿಲ್ಲ. ಎರಡನೇ ಸ್ಟಾಪ್ ಅದಕ್ಕೇ. 1876ರಿಂದ 1878. ಹಳಬರು ಧಾತು ಈಶ್ವರ ಬರ ಅಂತ ಕರೆಯೋ ಕಾಲ, ಆ ಎರಡು ಸಂವತ್ಸರಗಳ ಹೆಸರಲ್ಲಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷದ 55 ಸಾವಿರ ಇತ್ತು. 1881ರ ಗಣತಿಯಲ್ಲಿ ಸುಮಾರು 41 ಲಕ್ಷದ 86 ಸಾವಿರ. ಹತ್ತು ವರ್ಷದಲ್ಲಿ ಜನ ಹೆಚ್ಚಾಗಬೇಕಿತ್ತು, ಎಂಟೂವರೆ ಲಕ್ಷಕ್ಕೂ ಜಾಸ್ತಿ ಕಮ್ಮಿ ಆದರು. ಬರದ ಕೂಲಿಗೆ ಬಂದ ಗಂಡಸರು, ಹೆಂಗಸರು ಬೆಂಗಳೂರು–ಮೈಸೂರು ರೈಲು ದಾರಿಗೆ ಮಣ್ಣು ಹೊತ್ತರು. 1882ರಲ್ಲಿ ಮೈಸೂರಿಗೆ ರೈಲು ಬಂತು, 1891ರಲ್ಲಿ ನಂಜನಗೂಡಿಗೂ ಬಂತು. ಇವತ್ತು ನಾವು ಕೂತು ಹೋಗೋ ಹಳಿಯ ಕೆಳಗೆ ಹಸಿದವರ ಕೂಲಿ ಇದೆ. ಅಂಥ ಕಾಲದಲ್ಲಿ ತುಂಬಿದ ಹೊಟ್ಟೆ ಅಂದರೆ ಉಳಿದವರು ಅಂತ ಅರ್ಥ. "ಮೈ ಕೈ ತುಂಬಿಕೊಂಡಿದ್ದಾಳೆ" ಅನ್ನೋ ಮಾತು ನಮ್ಮ ಕಡೆ ಯಾಕೆ ಹೊಗಳಿಕೆಯಾಗಿ ಉಳೀತು ಅನ್ನೋದಕ್ಕೆ ಬೇರೆ ಕಾರಣ ಹುಡುಕಬೇಕಾ?

ಈಗ ಮೂರನೇ ಸ್ಟಾಪ್, ಈ ಎಪಿಸೋಡ್‌ನ ಮುಖ್ಯ ಜಾಗ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ. ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲ್ಲ, ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಅಂದರೆ ನಂಜನಗೂಡು, ನರಸೀಪುರದ ಎಷ್ಟೋ ಮನೆಯವರು "ಓ, ಅದಾ" ಅಂತಾರೆ. 1906ರಲ್ಲಿ ಶುರುವಾದ ಆಸ್ಪತ್ರೆ ಅದು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆಗಳು ಉಳಿದಿವೆ. ಅಳತೆ ತೆಗೆದು ಬರೆದವರಿಗೆ ಇದು ದಿನದ ಕೆಲಸ ಅಷ್ಟೇ, ಮುಂದೆ ಜಗತ್ತು ಓದುತ್ತೆ ಅಂತ ಅವರಿಗೇನು ಗೊತ್ತು!

1990ರ ದಶಕದಲ್ಲಿ ಆ ಪುಸ್ತಕಗಳ ಧೂಳು ಕೊಡವಿದರು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಅನ್ನೋ ವಿಜ್ಞಾನಿ, ತಾಯಿಯ ಹೊಟ್ಟೇಲಿ ಇದ್ದಾಗ ಮಗುವಿಗೆ ಪೋಷಣೆ ಕಮ್ಮಿಯಾದರೆ ಅದರ ಬೆಲೆ ಐವತ್ತು ವರ್ಷ ಆದಮೇಲೆ ಹೃದಯ ಕಟ್ಟಬೇಕಾಗುತ್ತೆ ಅಂತ ವಾದ ಮಾಡ್ತಿದ್ದರು. ಅದೇ ತಂಡದ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಹೋದ್ಯೋಗಿಗಳು ಮಿಷನ್ ಆಸ್ಪತ್ರೇಲಿ 1934ರಿಂದ 1954ರ ನಡುವೆ ಹುಟ್ಟಿ, ಇನ್ನೂ ಸುತ್ತಮುತ್ತಲೇ ಇದ್ದ 517 ಜನರನ್ನ ಪರೀಕ್ಷೆ ಮಾಡಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. 45 ವರ್ಷ ದಾಟಿದವರಲ್ಲಿ, ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ 11 ಪರ್ಸೆಂಟ್ ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ. 3.1 ಕೆ.ಜಿ. ಅಥವಾ ಅದಕ್ಕಿಂತ ಜಾಸ್ತಿ ಇದ್ದವರಲ್ಲಿ 3 ಪರ್ಸೆಂಟ್.

ಹಾಗಾದರೆ ದಪ್ಪ ಮಗು ಹುಟ್ಟಿದರೆ ಎಲ್ಲಾ ಸರಿನಾ? ಅಲ್ಲ. ಅದೇ ತಂಡ ಎರಡು ವರ್ಷದ ನಂತರ ಸಕ್ಕರೆ ಕಾಯಿಲೆ ಬಗ್ಗೆ ಬರೆದಾಗ ಕಥೆ ತಿರುವು ತಗೊಂಡಿತ್ತು. ಮೈಸೂರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿದ್ದು ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದಪ್ಪ ಇದ್ದವರಲ್ಲಿ, ತಾಯಿ ತೂಕ ಜಾಸ್ತಿ ಇದ್ದವರಲ್ಲಿ. ಅಂದರೆ ತಾಯಿ ಹಸಿದಿದ್ದರೂ ಕಷ್ಟ, ತಾಯಿಯ ರಕ್ತದಲ್ಲಿ ಸಕ್ಕರೆ ಏರಿದ್ದರೂ ಕಷ್ಟ.

ಇಲ್ಲಿಂದ ಕಥೆ ನಮ್ಮ ವಾರಿಗೆಗೆ ಬರುತ್ತೆ. 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಅಂತ ಶುರುವಾಯಿತು. 830 ಗರ್ಭಿಣಿಯರು, ಅವರಲ್ಲಿ ಸುಮಾರು 6 ಪರ್ಸೆಂಟ್ ಜನಕ್ಕೆ ಬಸುರಿಯಲ್ಲಿ ಬರೋ ಸಕ್ಕರೆ ಕಾಯಿಲೆ. ಆಗ ಹುಟ್ಟಿದ ಮಕ್ಕಳು ಈಗ ನನ್ನ ವಯಸ್ಸಿನವರು, ಈ ಶೋ ಕೇಳ್ತಿರೋ ತುಂಬಾ ಜನರ ವಯಸ್ಸಿನವರು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡ ಈ ಮಕ್ಕಳನ್ನ ಇಂಗ್ಲೆಂಡಿನ ಮಕ್ಕಳ ಜೊತೆ ಹೋಲಿಸಿದರು. ಮೈಸೂರಿನ ಮಗು ತೂಕದಲ್ಲಿ ಚಿಕ್ಕದು, ಉದ್ದದಲ್ಲಿ ಚಿಕ್ಕದು, ತೋಳಲ್ಲಿ ಸಣ್ಣ. ಆದರೆ ಒಂದು ಅಳತೆಯಲ್ಲಿ ಅಷ್ಟು ಹಿಂದೆ ಬಿದ್ದಿರಲಿಲ್ಲ. ಭುಜದ ಮೂಳೆಯ ಕೆಳಗೆ ಚರ್ಮ ಚಿವುಟಿ ಅಳೆಯೋ ಕೊಬ್ಬು. ಮಾಂಸಖಂಡ ಕಮ್ಮಿಯಾದರೂ ನಡುಭಾಗದ ಕೊಬ್ಬನ್ನ ಮಗು ಬಿಟ್ಟುಕೊಟ್ಟಿರಲಿಲ್ಲ. ನಾಲ್ಕು ವರ್ಷ ಆಗೋ ಹೊತ್ತಿಗೆ ಆ ಜಾಗದ ಕೊಬ್ಬು ಇಂಗ್ಲೆಂಡಿನ ಮಕ್ಕಳಿಗಿಂತ ಜಾಸ್ತಿ. ಬಸುರಿಯಲ್ಲಿ ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬು ಇನ್ನೂ ಜಾಸ್ತಿ.

ಯೋಚನೆ ಮಾಡಿ. "ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಹೋಗ್ತಿಲ್ಲ" ಅಂತ ಮೆಸೇಜ್ ಮಾಡೋ ಹುಡುಗಿಯ ದೇಹದ ಆಕಾರ ತೊಟ್ಟಿಲಲ್ಲೇ ಕಾಣ್ತಿತ್ತು. ಆಗ ಅವಳು ಒಂದು ಗೋಬಿ ಮಂಚೂರಿಯನ್ನೂ ತಿಂದಿರಲಿಲ್ಲ. ಇದನ್ನ ಓದಿದ ದಿನ ನನಗೆ ಒಂದು ಥರ ಹಗುರ ಅನ್ನಿಸ್ತು.

ಇದು ಮೈಸೂರಿನ ವಿಷಯ ಮಾತ್ರ ಅಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋ ಹಾಕಿ ಒಂದು ಪುಟ್ಟ ಲೇಖನ ಬರೆದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಮೈಯ ಕೊಬ್ಬು ಯುಡ್ಕಿನ್‌ಗೆ 9.1 ಪರ್ಸೆಂಟ್, ಯಾಜ್ಞಿಕ್‌ಗೆ 21.2. ಹಾಲೆಂಡಿನಲ್ಲಿ 1944–45ರ ಯುದ್ಧಕಾಲದ ಬರ ಇದೆಯಲ್ಲ, ಆಗ ತಾಯಿ ಬಸುರಿಯ ಮೊದಲ ತಿಂಗಳುಗಳಲ್ಲಿ ಹಸಿದಿದ್ದರೆ, ಹುಟ್ಟಿದ ಹೆಣ್ಣುಮಕ್ಕಳ ಬಿಎಂಐ 50ನೇ ವಯಸ್ಸಲ್ಲಿ ಬೇರೆಯವರಿಗಿಂತ 7.4 ಪರ್ಸೆಂಟ್ ಜಾಸ್ತಿ ಇತ್ತು. ಗಂಡುಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಸರಿ, ಓಪನಿಂಗ್ ಬ್ಯಾಲೆನ್ಸ್ ಗೊತ್ತಾಯಿತು. ಆದರೆ ನಮ್ಮಜ್ಜಿಗೂ ಇದೇ ಬ್ಯಾಲೆನ್ಸ್ ಇತ್ತಲ್ಲ, ಅವರಿಗೆ ಯಾಕೆ ಹೊಟ್ಟೆ ಬರಲಿಲ್ಲ? ಇದಕ್ಕೆ ನಾಲೆ ನೋಡಬೇಕು. ನಮ್ಮ ಕಡೆ ಕಾವೇರಿ, ಕಪಿಲಾ ದಡದ ಹಳೇ ನಾಲೆಗಳ ಕೆಳಗೆ ಭತ್ತ, ಮೇಲಿನ ಖುಷ್ಕಿ ಜಮೀನಲ್ಲಿ ರಾಗಿ, ಜೋಳ, ಹುರುಳಿ, ಅವರೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ನಂಜನಗೂಡು, ನರಸೀಪುರದ ಕಡೆ ಇನ್ನಷ್ಟು ನೀರು ಬಂತು, ಇನ್ನಷ್ಟು ಭತ್ತ ಬಂತು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂತು, ಅಕ್ಕಿ ಕೆ.ಜಿ.ಗೆ ಒಂದು ರೂಪಾಯಿ. ಹಸಿವು ಅಂದರೆ ಏನು ಅಂತ ಈಗಷ್ಟೇ ಹೇಳಿದೆ, ಹಾಗಾಗಿ ಅಕ್ಕಿ ಕೊಟ್ಟಿದ್ದನ್ನ ನಾನು ಬೈಯಲ್ಲ. ರಾಗಿ ತಿಂದರೆ ಹೊಟ್ಟೆ ಕರಗುತ್ತೆ ಅಂತಲೂ ಹೇಳಲ್ಲ. ನೂರು ಗ್ರಾಂ ರಾಗಿಯಲ್ಲೂ ಮುನ್ನೂರಕ್ಕೂ ಜಾಸ್ತಿ ಕ್ಯಾಲರಿ ಇದೆ, ಅಕ್ಕಿಗಿಂತ ಸ್ವಲ್ಪ ಕಮ್ಮಿ ಅಷ್ಟೇ. ನಾರು, ಕ್ಯಾಲ್ಸಿಯಂ ಜಾಸ್ತಿ, ಅದು ನಿಜ.

ಬದಲಾಗಿದ್ದು ಎರಡು. ಒಂದು, ಕೆಲಸ. ಬೀಸೋ ಕಲ್ಲು, ಒನಕೆ, ಬಾವಿ ಹಗ್ಗ, ನಾಟಿ, ಕಳೆ. ಬೀಸುವಾಗ ಹಾಡೋಕೆ ಅಂತಲೇ ನಮ್ಮಲ್ಲಿ ಬೇರೆ ಹಾಡುಗಳಿದ್ದವು ಅಂದರೆ ಎಷ್ಟು ಹೊತ್ತು ಬೀಸ್ತಿದ್ದರು ಲೆಕ್ಕ ಹಾಕಿ. ಆ ಕಷ್ಟ ಹೋಗಿದ್ದು ಒಳ್ಳೇದೇ, ಆ ಕಲ್ಲು ವಾಪಸ್ ಬರೋದು ಬೇಡ. ಆದರೆ ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಹುಡುಗರು ಸಂಜೆ ಮೈದಾನಕ್ಕೆ ಹೋಗ್ತಾರೆ, ಹುಡುಗೀರು ಮನೆಗೆ ಬರ್ತಾರೆ. ಎರಡು, ತಟ್ಟೆ. ಬಸ್ಸಾರಿನ ಕಾಳು, ಮೊಟ್ಟೆ, ಮೀನು ಮೊದಲು ಊಟಕ್ಕೆ ಕೂತವರಿಗೆ. ಕೊನೇಲಿ ಉಣ್ಣೋ ಅಮ್ಮನಿಗೆ, ಸೊಸೆಗೆ ಉಳಿಯೋದು ಅನ್ನ ಮತ್ತು ತಿಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನದ ಕ್ಯಾಲರಿಯಲ್ಲಿ ಧಾನ್ಯದ ಪಾಲು 45 ಪರ್ಸೆಂಟ್ ದಾಟಬಾರದು ಅನ್ನುತ್ತೆ. ನಮ್ಮ ಮನೆ ಹೆಂಗಸರ ತಟ್ಟೆ ನೋಡಿ ನೀವೇ ಹೇಳಿ.

ಇದರ ಫಲ ಅಂಕಿಯಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹೊಟ್ಟೆಯ ಬೊಜ್ಜು ಇರೋ ಹೆಂಗಸರು 40 ಪರ್ಸೆಂಟ್, ಗಂಡಸರು 12. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 47.8 ಪರ್ಸೆಂಟ್ ಜನಕ್ಕೆ ರಕ್ತಹೀನತೆ. ಹೊಟ್ಟೆ ಇದೆ, ರಕ್ತ ಇಲ್ಲ. ಎರಡೂ ಒಬ್ಬಳಲ್ಲೇ ಇರಬಹುದು.

ಈಗ ಮದುವೆ ಹುಡುಗೀರ ಪ್ರಶ್ನೆಗೆ ಬರ್ತೀನಿ. ನನ್ನ ಕ್ಲಾಸ್‌ಮೇಟ್ ಒಬ್ಬಳು ಮದುವೆಗೆ ಮುಂಚೆ ಎರಡು ತಿಂಗಳು ಸೌತೆಕಾಯಿ, ಗ್ರೀನ್ ಟೀ ಮೇಲೆ ಇದ್ದಳು. ಒಂದು ಜಿಮ್‌ನವರು ಬೆವರಿಸೋ ಬೆಲ್ಟ್ ಕೂಡ ಮಾರಿದ್ದರು. ಧಾರೆ ದಿನ ತಲೆಸುತ್ತು ಬಂದು ಕೂತುಬಿಟ್ಟಳು, ಮದುವೆ ಆದ ಮೂರೇ ತಿಂಗಳಿಗೆ ಬಸುರಿ. ಮಿಷನ್ ಆಸ್ಪತ್ರೆಯ ಪುಸ್ತಕ ಓದಿದ ಮೇಲೆ ನನಗೆ ಭಯ ಆಗೋದು ಇದಕ್ಕೇ. ನಮ್ಮಲ್ಲಿ ಹುಡುಗಿ ಅತಿ ಹೆಚ್ಚು ಉಪವಾಸ ಬೀಳೋದು ಮದುವೆಗೆ ಮುಂಚೆ, ಬಸುರಿ ಆಗೋದು ಮದುವೆ ಆದ ತಕ್ಷಣ. ಹಸಿದ ತಾಯಿಯ ಲೆಕ್ಕ ಮಗುವಿನ ಓಪನಿಂಗ್ ಬ್ಯಾಲೆನ್ಸ್‌ಗೆ ಹೋಗುತ್ತೆ.

ಹಾಗಾದರೆ ಏನೂ ಮಾಡೋಕಾಗಲ್ವಾ? ಖಂಡಿತ ಆಗುತ್ತೆ. ಓಪನಿಂಗ್ ಬ್ಯಾಲೆನ್ಸ್ ಕ್ಲೋಸಿಂಗ್ ಬ್ಯಾಲೆನ್ಸ್ ಅಲ್ಲ. ತೂಕದ ಮೆಷಿನ್ ಬಿಟ್ಟು ಟೈಲರ್ ಟೇಪ್ ತಗೊಳ್ಳಿ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯೆ, ಉಸಿರು ಬಿಟ್ಟು ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಅದರೊಳಗಿದ್ದರೆ ನಿಮ್ಮದು ತ್ರಿವಳಿ, ಸುಮ್ಮನಿರಿ. ದಾಟಿದ್ದರೆ ಕೆಲಸ ಶುರು ಮಾಡಿ. ಹೊಟ್ಟೆ ವ್ಯಾಯಾಮ ಮಾಡಿದರೆ ಹೊಟ್ಟೆ ಕೊಬ್ಬೇ ಕರಗಲ್ಲ, ದೇಹ ಎಲ್ಲಿಂದ ಬೇಕಾದರೂ ತೆಗೆಯುತ್ತೆ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಭಾರ ಎತ್ತೋದು. ನಮಗೆ ಹುಟ್ಟಿನಿಂದಲೇ ಕಮ್ಮಿ ಇರೋದು ಮಾಂಸಖಂಡ, ಹಾಗಾಗಿ ಭಾರ ಎತ್ತೋದನ್ನ ಬಿಡಬೇಡಿ. ತುಂಬಿದ ಬಿಂದಿಗೆಯೂ ಭಾರವೇ. ಮುಟ್ಟು ತಿಂಗಳುಗಟ್ಟಲೆ ಏರುಪೇರಾಗ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಪಿಸಿಓಎಸ್ ಇರಬಹುದು. ಮಗು ಪ್ಲಾನ್ ಮಾಡೋ ಮುಂಚೆ ಸಕ್ಕರೆ ಮತ್ತು ಹಿಮೋಗ್ಲೋಬಿನ್ ಚೆಕ್ ಮಾಡಿಸಿ.

ಊಟ ಬಿಡಬೇಡಿ. ತಟ್ಟೆಯಿಂದ ಹೋಗಬೇಕಾದ್ದು ಎರಡನೇ ಸಲದ ಅನ್ನ, ಮೊಟ್ಟೆಯಲ್ಲ, ಹುರುಳಿ ಕಾಳಲ್ಲ. ಇವತ್ತು ರಾತ್ರಿ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಿ, ಕಾಳನ್ನ ಅಮ್ಮನ ತಟ್ಟೆಗೂ ಸರಿಸಮ ಬಡಿಸಿ. ಅಮ್ಮ ಬೇಡ ಅಂತಾರೆ, ಆದರೂ ಬಡಿಸಿ.

ಮುಂದಿನ ವಾರ ಸಿಗೋಣ. ಈ ಎಪಿಸೋಡ್‌ನ ಮದುವೆ ಫಿಕ್ಸ್ ಆಗಿರೋ ಒಬ್ಬ ಹುಡುಗಿಗೆ ಕಳಿಸಿ, ಅವಳ ಅತ್ತೆಗೂ ಕಳಿಸಿದರೆ ಇನ್ನೂ ಒಳ್ಳೇದು.